ನಿರ್ಜನ ದ್ವೀಪದ ಪಾಠ: ಮೀನು ಆಮೇಲೆ, ನೀರು ಮೊದಲು

ನಿರ್ಜನ ದ್ವೀಪದಲ್ಲಿ ಸಿಕ್ಕಿಹಾಕಿಕೊಂಡರೆ ಮೊದಲು ಏನು ಮಾಡ್ತೀರಿ ಅಂತ ಮಕ್ಕಳನ್ನು ಕೇಳಿ ನೋಡಿ. ಮೀನು ಹಿಡೀತೀವಿ, ಹಣ್ಣು ಹುಡುಕ್ತೀವಿ ಅನ್ನುವವರೇ ಜಾಸ್ತಿ. ಸುಮ್ನೆ ತಪ್ಪು ಅಂದುಬಿಡಬೇಡಿ, ಪಾಠ ಶುರುವಾಗುವುದೇ ಅಲ್ಲಿಂದ. ಊಟವಿಲ್ಲದೆ ಸುಮಾರು 3 ವಾರ ಬದುಕಬಹುದು, ನೀರಿಲ್ಲದೆ 3 ದಿನ ಕಳೆಯುವುದೇ ಕಷ್ಟ. ಇದು ಅಂದಾಜು ಲೆಕ್ಕ, ಸುಡುಬಿಸಿಲಲ್ಲಿ ಓಡಾಡಿದರೆ ಇನ್ನೂ ಕಮ್ಮಿ. ಅದಕ್ಕೇ ಮೊದಲು ನೆರಳು ಮತ್ತು ನೀರು, ಆಮೇಲೆ ನಾವಿಲ್ಲಿದ್ದೇವೆ ಎಂದು ತಿಳಿಸುವ ಗುರುತು, ಕೊನೆಗೆ ಊಟ.

ಸುತ್ತಲೂ ನೀರಿದೆಯಲ್ಲ, ಕುಡಿದರಾಯ್ತು ಅಂತ ಒಬ್ಬರಾದರೂ ಹೇಳೇ ಹೇಳುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡಕ್ಕೆ ಅಷ್ಟು ಉಪ್ಪಾದ ಮೂತ್ರ ಮಾಡಲು ಬರುವುದಿಲ್ಲ, ಹಾಗಾಗಿ ಆ ಉಪ್ಪನ್ನು ಹೊರಗೆ ಹಾಕಲು ಕುಡಿದದ್ದಕ್ಕಿಂತ ಜಾಸ್ತಿ ನೀರು ಬೇಕಾಗುತ್ತದೆ, ಅದನ್ನು ದೇಹ ತನ್ನೊಳಗಿನಿಂದಲೇ ತೆಗೆಯುತ್ತದೆ. ಕುಡಿದಷ್ಟೂ ಒಣಗುತ್ತೇವೆ.

ಉಪ್ಪುನೀರಿನಿಂದ ಸಿಹಿನೀರು ತೆಗೆಯುವುದು ಎಷ್ಟು ಕಷ್ಟ ಅನ್ನುವುದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿ. ಅಗಲವಾದ ಪಾತ್ರೆಯಲ್ಲಿ ಎರಡು ಬೆರಳಷ್ಟು ಉಪ್ಪುನೀರು ಹಾಕಿ, ನಡುವೆ ಖಾಲಿ ಲೋಟ ಇಡಿ. ಲೋಟ ಪಾತ್ರೆಯ ಅಂಚಿಗಿಂತ ಗಿಡ್ಡಗಿರಲಿ. ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ, ಲೋಟದ ನೇರಕ್ಕೆ ಒಂದು ಸಣ್ಣ ಕಲ್ಲಿಟ್ಟು ಬಿಸಿಲಿಗಿಡಿ. ನಾನು ಮೊದಲ ಸಲ ಹಗುರ ಪ್ಲಾಸ್ಟಿಕ್ ಲೋಟ ಇಟ್ಟಿದ್ದೆ, ಅದು ತೇಲಿ ಮಗುಚಿಕೊಂಡಿತು. ಭಾರದ ಲೋಟವೇ ಬೇಕು. ಕೆಲವು ಗಂಟೆಯಲ್ಲಿ ಹಾಳೆಯ ಕೆಳಗೆ ಹನಿ ಕಟ್ಟುತ್ತದೆ, ಕಲ್ಲಿನ ಕಡೆಗೆ ಜಾರಿ ಲೋಟಕ್ಕೆ ಬೀಳುತ್ತದೆ. ಇಡೀ ದಿನ ಕಾದರೂ ಸಿಗುವುದು ಸ್ವಲ್ಪವೇ. ಮಕ್ಕಳು ಲೋಟದೊಳಗೆ ಇಣುಕಿ "ಇಷ್ಟೇನಾ?" ಅಂದಾಗ ಮಳೆನೀರು ಹಿಡಿಯುವ ಮಾತು ತೆಗೆಯಿರಿ, ಆಗ ಅದು ನಿಜವಾಗಿ ನಾಟುತ್ತದೆ.

ಇಲ್ಲೇ ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ಆರು ಹುಡುಗರ ಕಥೆ ಹೇಳಿ. ಇದು ನಡೆದದ್ದೇ. 1965ರಲ್ಲಿ ದೋಣಿ ತೆಗೆದುಕೊಂಡು ಹೋಗಿ, ಬಿರುಗಾಳಿಗೆ ಸಿಕ್ಕಿ, ಅಟಾ ಎಂಬ ದ್ವೀಪ ಸೇರಿದರು. 1966ರಲ್ಲಿ ಒಂದು ಹಡಗು ಕಾಣುವ ತನಕ, ಸುಮಾರು 15 ತಿಂಗಳು ಅಲ್ಲೇ ಇದ್ದರು. ಮರದ ದಿಮ್ಮಿ ಕೊರೆದು ಮಳೆನೀರು ಹಿಡಿದರು, ಹೊತ್ತಿಸಿದ ಬೆಂಕಿ ಆರದ ಹಾಗೆ ಪಾಳಿಯಲ್ಲಿ ಕಾದರು. ಜಗಳ ಆದರೆ ಇಬ್ಬರೂ ಬೇರೆ ಬೇರೆ ಕಡೆ ಹೋಗಿ ಸಿಟ್ಟು ಇಳಿದ ಮೇಲೆ ಬರಬೇಕು ಅಂತ ನಿಯಮ ಮಾಡಿಕೊಂಡಿದ್ದರು. ಒಬ್ಬನ ಕಾಲು ಮುರಿದಾಗ ಉಳಿದವರೇ ಕಟ್ಟು ಹಾಕಿ ನೋಡಿಕೊಂಡರು. ನನಗೆ ಈ ಜಗಳದ ನಿಯಮ ತುಂಬಾ ಇಷ್ಟ, ಚಾಕು ಹಿಡಿಯುವುದು ಕಲಿಸುವ ಮೊದಲು ಇದನ್ನೇ ಕಲಿಸಬೇಕು ಅನ್ನಿಸುತ್ತದೆ.

ಗುರುತಿನ ಪಾಠ ಚಿಕ್ಕದು. ಏನೇ ಆದರೂ 3 ಸಲ: 3 ಬೆಂಕಿ, 3 ಸೀಟಿ. ಬೆಂಕಿಯ ಅಭ್ಯಾಸ ಬೇಡ, ಸೀಟಿ ಸಾಕು. ಒಂದು ಗುಂಪು ಬಚ್ಚಿಟ್ಟುಕೊಂಡು ಊದಲಿ, ಇನ್ನೊಂದು ಹುಡುಕಲಿ. ಮೂರು ಸಲ ಊದಿ ನಿಲ್ಲಿಸಬೇಕು, ಉತ್ತರ ಬರುತ್ತಾ ಅಂತ ಕಿವಿಗೊಡಬೇಕು. ಚಿಕ್ಕವರು ನಿಲ್ಲಿಸುವುದೇ ಇಲ್ಲ, ಊದುತ್ತಲೇ ಇರುತ್ತಾರೆ. ಅವರ ಜೊತೆ ಒಬ್ಬ ದೊಡ್ಡ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ.