ಹುದ್ದೆ ಕೆಲಸಕ್ಕೆ ಬಾರದ ಒಂದು ತಿಂಗಳು

ಸ್ವಯಂಸೇವೆಗೆ ಹೊರದೇಶಕ್ಕೆ ಹೊರಡುವ ಕಂಪನಿ ಮ್ಯಾನೇಜರ್‌ಗಳನ್ನು ತಯಾರು ಮಾಡುವುದು ನನ್ನ ಕೆಲಸ. ಮೊದಲ ದಿನ ಬಹಳ ಜನ ಕೇಳುವುದು, "ಸರ್, ಅಲ್ಲಿ ನಾವು ಏನು ಕಲಿಸಬೇಕು?" ಮೊದಲ ವಾರ ಏನೂ ಕಲಿಸಬೇಡಿ, ಸುಮ್ನೆ ಕೂತು ಕೇಳಿಸಿಕೊಳ್ಳಿ ಅನ್ನುತ್ತೇನೆ.

ತನ್ನ ಉದ್ಯೋಗಿಗಳನ್ನು ಹೊರದೇಶಕ್ಕೆ ಸ್ವಯಂಸೇವೆಗೆ ಕಳಿಸುವ 'ಕಾರ್ಪೊರೇಟ್ ಸರ್ವಿಸ್ ಕೋರ್' ಎಂಬ ಕಾರ್ಯಕ್ರಮವನ್ನು ಐಬಿಎಂ ಕಂಪನಿ 2008ರಲ್ಲಿ ಶುರು ಮಾಡಿತು. ಮೊದಲ ತಂಡಗಳು ಹೋದ ದೇಶಗಳಲ್ಲಿ ಘಾನಾ, ಟಾಂಜಾನಿಯಾ, ವಿಯೆಟ್ನಾಂ, ರುಮೇನಿಯಾ ಇದ್ದವು. ಒಂದೊಂದು ತಂಡದಲ್ಲೂ ಹಲವು ದೇಶದವರು. ಅಲ್ಲಿರುತ್ತಿದ್ದದ್ದು ಒಂದೇ ತಿಂಗಳು. ಆದರೆ ಅದಕ್ಕೆ ಮುಂಚೆ ಮೂರು ತಿಂಗಳ ತಯಾರಿ, ವಾಪಸ್ ಬಂದ ಮೇಲೆ ಎರಡು ತಿಂಗಳ ಕೆಲಸ. ಈ ಲೆಕ್ಕ ನನಗೆ ತುಂಬಾ ಸರಿ ಅನಿಸುತ್ತದೆ. ಒಂದು ವಾರ ಹೋಗಿ ಗೋಡೆಗೆ ಬಣ್ಣ ಬಳಿದು ಬರುವುದಾದರೆ ಆ ಟಿಕೆಟ್ ದುಡ್ಡನ್ನೇ ಅಲ್ಲಿಗೆ ಕಳಿಸುವುದು ಮೇಲು.

ನಾನು ತಯಾರು ಮಾಡಿದ ಒಬ್ಬರು ಟಾಂಜಾನಿಯಾದ ಕಾಫಿ ಬೆಳೆಗಾರರ ಸಹಕಾರ ಸಂಘಕ್ಕೆ ಹೋಗಿದ್ದರು. ಬೆಂಗಳೂರಿನಲ್ಲಿ ಇನ್ನೂರು ಜನ ಇವರ ಮಾತು ಕೇಳುತ್ತಿದ್ದರು. ಅಲ್ಲಿ ಇವರ ಹುದ್ದೆ ಯಾರಿಗೂ ಬೇಕಾಗಿರಲಿಲ್ಲ. ಮಾರುಕಟ್ಟೆ ಯೋಜನೆ ಬರೆಯಲು ಹೋದವರಿಗೆ ಬೆಳೆಗಾರರು ಕೇಳಿದ್ದು ಬೇರೆಯೇ: "ನಮ್ಮ ಎರಡನೇ ಕಂತು ಯಾವಾಗ ಬರುತ್ತದೆ?" ಕಾಫಿ ಒಪ್ಪಿಸಿದಾಗ ಸ್ವಲ್ಪ ದುಡ್ಡು ಸಿಗುತ್ತಿತ್ತು. ಉಳಿದದ್ದು ಮೋಶಿ ಪಟ್ಟಣದಲ್ಲಿ ಕಾಫಿ ಹರಾಜು ಮುಗಿದ ಮೇಲೆ. ಅಷ್ಟರೊಳಗೆ ಮಕ್ಕಳ ಶಾಲೆ ಫೀಸಿಗೆ ಸಾಲ ಆಗಿರುತ್ತಿತ್ತು.

ಯೋಜನೆ ಪಕ್ಕಕ್ಕಿಟ್ಟು ಅವರು ಒಂದು ಚೀಟಿ ತಯಾರಿಸಿದರು. ಎಷ್ಟು ತೂಕ, ಯಾವ ದರ್ಜೆ, ಎಷ್ಟು ಕೊಟ್ಟಾಗಿದೆ, ಎಷ್ಟು ಬಾಕಿ. ಅಷ್ಟೇ. ಸ್ವಾಹಿಲಿಯಲ್ಲಿ. ಸಂಘದ ಗುಮಾಸ್ತರೇ ಬರೆದು ಕೊಡುವಂಥದ್ದು. ಇವರು ವಾಪಸ್ ಬಂದ ಮೇಲೂ ನಡೆಯಬೇಕು, ಅಲ್ವಾ?

ನಿಜವಾದ ಪರೀಕ್ಷೆ ಇರುವುದು ವಾಪಸ್ ಬಂದ ಮೇಲೆ. ಎಷ್ಟೋ ಕಂಪನಿಗಳು ವಾರ್ಷಿಕ ವರದಿಗೆ ಫೋಟೋ ಹಾಕಿ ಮುಗಿಸುತ್ತವೆ. ಹೋಗಿ ಬಂದವರಿಗೆ ಹಳೇ ಕುರ್ಚಿ, ಹಳೇ ಟಾರ್ಗೆಟ್. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ಹಾಗಾಗಿ ಬಂದ ತಿಂಗಳೇ ಅವರಿಗೆ ಒಂದು ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಕೊಡಿ ಎಂದು ಕಂಪನಿಗಳಿಗೆ ಹೇಳುತ್ತೇನೆ.

ಟಾಂಜಾನಿಯಾಕ್ಕೆ ಹೋಗಿ ಬಂದ ಇವರು ತಮ್ಮ ಕಂಪನಿಯ ಬಾಕಿ ಬಿಲ್ಲುಗಳನ್ನು ತರಿಸಿಕೊಂಡರು. ಸಣ್ಣ ಕೈಗಾರಿಕೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಎಂದು 2006ರ ಕಾಯ್ದೆಯೇ ಹೇಳುತ್ತದೆ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನ ಬಿಲ್ಲು ನಾಲ್ಕು ತಿಂಗಳಿಂದ ಬಿದ್ದಿತ್ತು. ಅದಕ್ಕೆ ಅವತ್ತೇ ಸಹಿ ಹಾಕಿದರು.