ಸೌದೆ ಯಂತ್ರ ಸೋತಾಗ ಕೇಳಬೇಕಾದ ಮೊದಲ ಪ್ರಶ್ನೆ

ಫಿನ್ಲೆಂಡ್‌ನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಹಳ್ಳಿ ಮನೆಗಳ ಅಂಗಳದಲ್ಲಿ ಸೌದೆ ಯಂತ್ರಗಳ ಸದ್ದು ಶುರುವಾಗುತ್ತದೆ. ಆಗ ಸೀಳಿಟ್ಟರೆ ಬೇಸಿಗೆಯಿಡೀ ಒಣಗಿ ಮುಂದಿನ ಚಳಿಗೆ ಒದಗುತ್ತದೆ. ಅಲ್ಲಿ ಈ ಯಂತ್ರಕ್ಕೆ 'ಕ್ಲಪಿಕೋನೆ' ಎನ್ನುತ್ತಾರೆ. ಸಾಮಾನ್ಯವಾಗಿ ಟ್ರ್ಯಾಕ್ಟರ್ ಹಿಂದೆ ಜೋಡಿಸಿ ಓಡಿಸುತ್ತಾರೆ. ಬರ್ಚ್ ಮರದ ದಿಮ್ಮಿಯನ್ನು ಬೆಲ್ಟು ಒಳಗೆ ಒಯ್ಯುತ್ತದೆ, ಗರಗಸ ತುಂಡು ಮಾಡುತ್ತದೆ, ಸಿಲಿಂಡರ್ ಆ ತುಂಡನ್ನು ಉಕ್ಕಿನ ಅಲಗಿಗೆ ಒತ್ತಿ ಸೀಳುತ್ತದೆ. ಒತ್ತುವ ಕೆಲಸವೆಲ್ಲ ಪಂಪು ತಳ್ಳುವ ಹೈಡ್ರಾಲಿಕ್ ಆಯಿಲ್‌ನದು. ನಮ್ಮೂರಿನ ಜೆಸಿಬಿಯ ತೋಳನ್ನು ಎತ್ತುವುದೂ ಇದೇ ವಿದ್ಯೆ.

ಯಂತ್ರ ಕೆಟ್ಟಾಗ ಎಲ್ಲರೂ ಹೇಳುವುದು ಒಂದೇ ಮಾತು: "ಯಾಕೋ ಎಳೀತಿಲ್ಲ." ಆದರೆ ಈ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಕಲೆತುಹೋಗಿವೆ. ಹೋಗಿದ್ದು ಬಲವೋ, ವೇಗವೋ? ಇದನ್ನು ಕೇಳದೆ ಸುಮ್ನೆ ಪಂಪು ಬದಲಿಸಿದರೆ ದುಡ್ಡು ಹಾಳು, ಕಾಯಿಲೆ ಹಾಗೇ ಉಳಿಯುತ್ತದೆ.

ಒಂದು ಲೆಕ್ಕ ನೋಡಿ. ಸಿಲಿಂಡರ್‌ನ ಒಳಗಿನ ಅಗಲ 10 ಸೆಂಟಿಮೀಟರ್ ಇರಲಿ, ಒತ್ತಡ 200 ಬಾರ್ ಇರಲಿ (1 ಬಾರ್ ಎಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಆಗ ಅದು ಸುಮಾರು 16 ಟನ್ ಭಾರದಷ್ಟು ಬಲದಿಂದ ಒತ್ತುತ್ತದೆ. ಪಂಪು ನಿಮಿಷಕ್ಕೆ 60 ಲೀಟರ್ ಆಯಿಲ್ ಕೊಟ್ಟರೆ ಸಿಲಿಂಡರ್‌ನ ದಂಡ ಸೆಕೆಂಡಿಗೆ ಸುಮಾರು 13 ಸೆಂಟಿಮೀಟರ್ ಚಲಿಸುತ್ತದೆ. ಈಗ ಆಯಿಲ್ 30 ಲೀಟರ್‌ಗೆ ಇಳಿಯಿತು ಅನ್ನಿ. ವೇಗ ಅರ್ಧವಾಯಿತು, ಆದರೆ ಒತ್ತಡ 200 ಬಾರ್ ತಲುಪುತ್ತಿದ್ದರೆ ಬಲ ಅದೇ 16 ಟನ್! ಅಂದರೆ ಬಲ ಕೊಡುವುದು ಒತ್ತಡ, ವೇಗ ಕೊಡುವುದು ಹರಿವು. ಪಂಪು ಕೊಡುವುದು ಬರೀ ಹರಿವು. ಮುಂದೆ ಗಂಟು ಮರ ಅಡ್ಡ ನಿಂತಾಗಲೇ ಒತ್ತಡ ಏರುತ್ತದೆ.

ನಿಧಾನವಾಗಿಯಾದರೂ ಗಂಟನ್ನು ಸೀಳುತ್ತಿದೆಯಾ? ಹಾಗಾದರೆ ಹರಿವಿನ ಕಡೆ ಹುಡುಕಬೇಕು. ಜೋರಾಗಿ ಬಂದು ಗಂಟಿನ ಮುಂದೆ ನಿಂತುಬಿಡುತ್ತದೆಯಾ? ಆಗ ಮೊದಲ ಅನುಮಾನ ರಿಲೀಫ್ ವಾಲ್ವ್ ಮೇಲೆ. ಒತ್ತಡ ಮಿತಿ ಮೀರಿದಾಗ ಆಯಿಲನ್ನು ಟ್ಯಾಂಕಿಗೆ ಬಿಡುವ ಬಾಗಿಲು ಅದು. ಒಂದು ಚೂರು ಕಸ ಸಿಕ್ಕಿಕೊಂಡರೂ ಪೂರ್ತಿ ಮುಚ್ಚುವುದಿಲ್ಲ. ಇಲ್ಲಿ ಪ್ರೆಶರ್ ಗೇಜ್ ಹಾಕಿ ನೋಡುವುದೇ ದಾರಿ. ಗೇಜ್ ಇಲ್ಲದೆ ವಾಲ್ವ್‌ನ ಸ್ಕ್ರೂ ತಿರುಗಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒತ್ತಡ ಎಲ್ಲಿಗೆ ಏರಿತು ಅಂತ ಗೊತ್ತೇ ಆಗದೆ ಹೋಸ್ ಪೈಪು ಒಡೆಯಬಹುದು.

ಆ ಬಾಗಿಲಿನಿಂದ ಆಯಿಲ್ ಸುಮ್ನೆ ವಾಪಸ್ ಹೋಗುತ್ತಿದ್ದರೆ ಅದರ ಶಕ್ತಿಯೆಲ್ಲ ಶಾಖವಾಗುತ್ತದೆ. 200 ಬಾರ್‌ನಲ್ಲಿ ನಿಮಿಷಕ್ಕೆ 60 ಲೀಟರ್ ಎಂದರೆ 20 ಕಿಲೋವ್ಯಾಟ್. ಬಕೆಟ್ ನೀರು ಕಾಯಿಸುವ 1 ಕಿಲೋವ್ಯಾಟ್ ಕಾಯಿಲ್ ಇದೆ ಅಲ್ವಾ, ಅಂಥ 20 ಕಾಯಿಲ್‌ಗಳನ್ನು ಟ್ಯಾಂಕಿಗೆ ಇಳಿಬಿಟ್ಟ ಹಾಗೆ.

ಹರಿವು ಕಮ್ಮಿಯಾಗಿದ್ದರೆ ಹೊತ್ತು ನೋಡಿ. ಬೆಳಿಗ್ಗೆ ಚೆನ್ನಾಗಿದ್ದು ಆಯಿಲ್ ಬಿಸಿಯಾದ ಮೇಲೆ ಸೋಲುತ್ತಿದ್ದರೆ ಪಂಪು ಸವೆದಿರಬಹುದು. ತೆಳುವಾದ ಆಯಿಲ್ ಸವೆದ ಸಂದಿಗಳಲ್ಲಿ ಹಿಂದಕ್ಕೆ ಜಾರುತ್ತದೆ. ಬೆಳಿಗ್ಗೆ ಒದ್ದಾಡಿ ಆಮೇಲೆ ಸರಿಹೋಗುತ್ತಿದ್ದರೆ ಕಾರಣ ಚಳಿ. ಮೈನಸ್ 20 ಡಿಗ್ರಿಯಲ್ಲಿ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿರುತ್ತದೆ.

ಪಂಪು ಆಯಿಲನ್ನು ಎಳೆದುಕೊಳ್ಳುತ್ತದೆ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಜಾಗ ಖಾಲಿ ಮಾಡುತ್ತದೆ ಅಷ್ಟೆ, ಒಳಗೆ ನೂಕುವುದು ಹೊರಗಿನ ಗಾಳಿಯ ಒತ್ತಡ. ಅದು ಇರುವುದೇ ಸುಮಾರು 1 ಬಾರ್. ಮೇಲೆ ಕೂತು ನೀರೆಳೆಯುವ ಪಂಪು ಸುಮಾರು 10 ಮೀಟರ್‌ಗಿಂತ ಆಳದಿಂದ ನೀರು ತರಲಾರದು, ಅದಕ್ಕೂ ಕಾರಣ ಇದೇ. ಆಯಿಲ್ ಗಟ್ಟಿಯಾದರೆ ಅಥವಾ ಪಂಪಿಗೆ ಮುಂಚಿನ ಜಾಲರಿ ಕಟ್ಟಿದರೆ ಆ 1 ಬಾರ್ ಸಾಲುವುದಿಲ್ಲ. ಪಂಪಿನೊಳಗೆ ಗುಳ್ಳೆಗಳು ಹುಟ್ಟಿ, ಒತ್ತಡದ ಜಾಗಕ್ಕೆ ಬಂದಾಗ ಕುಸಿಯುತ್ತವೆ. ಹೀಗೆ ಕುಸಿಯುವ ಗುಳ್ಳೆ ಎಷ್ಟು ಭಾರಿ ಒತ್ತಡ ಹುಟ್ಟಿಸಬಲ್ಲದು ಎಂದು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಉಕ್ಕನ್ನೇ ಅದು ಕಚ್ಚಿ ತೆಗೆಯುತ್ತದೆ. ಪಂಪಿನಿಂದ ಡಬ್ಬದಲ್ಲಿ ಜಲ್ಲಿ ಅಲ್ಲಾಡಿಸಿದಂಥ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಚಳಿಯಲ್ಲಿ ಕೆಲಸಕ್ಕೆ ಮುಂಚೆ ಯಂತ್ರವನ್ನು ಖಾಲಿ ಓಡಿಸುವುದು ಇದಕ್ಕೇ.

ಆಯಿಲ್ ಬೆಳ್ಳಗಾಗಿದ್ದರೆ ಒಂದು ಗಾಜಿನ ಲೋಟದಲ್ಲಿ ಹಿಡಿದಿಡಿ. ಕೆಳಗಿನಿಂದ ತಿಳಿಯಾಗುತ್ತಾ ಬಂದರೆ ಸೇರಿದ್ದು ಗಾಳಿ, ಹಾಲಿನಂತೆಯೇ ಉಳಿದರೆ ನೀರು.

ಇನ್ನೊಂದು ಸುಳಿವು: ಬೆಲ್ಟು, ಗರಗಸ ಚೆನ್ನಾಗಿದ್ದು ಸೀಳುವ ಸಿಲಿಂಡರ್ ಮಾತ್ರ ಸೋತಿದೆಯಾ? ಎಲ್ಲಕ್ಕೂ ಒಂದೇ ಪಂಪು ಇರುವ ಯಂತ್ರದಲ್ಲಿ ಮೊದಲು ಪಂಪಿಗೆ ಕೈಹಾಕಬೇಡಿ. ಆ ಸಿಲಿಂಡರ್‌ನ ಸೀಲ್, ಅದರ ವಾಲ್ವ್ ನೋಡಿ.

ಹುಡುಕುವಾಗ ಒಂದು ವಿಷಯ ದಯವಿಟ್ಟು ಮರೆಯಬೇಡಿ. ಹೋಸ್ ಪೈಪಿನ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬಾರದು, ಕೈಗವಸು ಇದ್ದರೂ ಬೇಡ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ, ಮೊದಲಿಗೆ ನೋವೂ ಜಾಸ್ತಿ ಇರದೆ ಹೋಗಬಹುದು. ಒಳಗೆ ಮಾಂಸ ಕೊಳೆಯತೊಡಗುತ್ತದೆ, ತಡವಾದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿ. ಅಕಸ್ಮಾತ್ ಚುಚ್ಚಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. "ಗಾಯ ಆಗಿದೆ" ಎಂದಷ್ಟೇ ಹೇಳದೆ "ಒತ್ತಡದ ಆಯಿಲ್ ಚರ್ಮದೊಳಗೆ ಹೋಗಿದೆ" ಎಂದೇ ಹೇಳಿ.