ಪದ ಪರಿಚಯ: ಹಿಡುವಳಿ

ನಡೆಯಿಂದ ನಡವಳಿ ಆದಂತೆ ಹಿಡಿಯಿಂದ ಹಿಡುವಳಿ. ಒಬ್ಬರ ಹಿಡಿತದಲ್ಲಿರುವ ನೆಲ ಎಂಬುದು ಮೂಲಾರ್ಥ. ತಾಲ್ಲೂಕು ಕಚೇರಿಯಲ್ಲಿ ‘ಅದು ಹಿಡುವಳಿ ಜಮೀನು’ ಎಂದರೆ ಗೋಮಾಳವಲ್ಲ, ಸರ್ಕಾರಿ ಬೀಳಲ್ಲ, ಖಾತೆದಾರರಿರುವ ಖಾಸಗಿ ಜಮೀನು ಎಂದಷ್ಟೇ ಅರ್ಥ. ‘ಹಿಡುವಳಿ ಚಿಕ್ಕದಾಗುತ್ತಿದೆ’ ಎಂಬ ಮಾತು ಮಾತ್ರ ಕೃಷಿ ಗಣತಿಯಿಂದ ಬಂದದ್ದು. ಅಲ್ಲಿ ಪದದ ಅರ್ಥವೇ ಬೇರೆ.

ಗಣತಿಗೆ ಹಿಡುವಳಿ ಎಂದರೆ ಬೇಸಾಯದ ಒಂದು ಘಟಕ. ಒಬ್ಬರೋ ಹಲವರು ಕೂಡಿಯೋ, ಅದೇ ಆಳು, ಅದೇ ಟ್ರ್ಯಾಕ್ಟರು, ಅದೇ ಜೇಬಿನಿಂದ ಉಳುವ ಅಷ್ಟೂ ನೆಲ ಒಂದು ಹಿಡುವಳಿ. ನಾಲ್ಕು ಕಡೆ ಚದುರಿದ್ದರೂ ಒಂದೇ. ಜಮೀನಿನ ಕಂದಾಯ ದಾಖಲೆಯಾದ ಪಹಣಿಯಲ್ಲಿ ಮೂವರ ಹೆಸರಿದ್ದು ಬೇಸಾಯ ಒಟ್ಟಿಗಿದ್ದರೆ ಹಿಡುವಳಿ ಒಂದು; ತೀರಿಕೊಂಡ ಅಜ್ಜನ ಹೆಸರೇ ಉಳಿದಿದ್ದು, ಪೌತಿ ಖಾತೆ ಆಗದೆ, ಅಂದರೆ ಖಾತೆ ವಾರಸುದಾರರ ಹೆಸರಿಗೆ ಬದಲಾಗದೆ, ಮೂವರು ಮೊಮ್ಮಕ್ಕಳು ಬೇರೆಬೇರೆ ಉಳುತ್ತಿದ್ದರೆ ಮೂರು.

ಇದು ವ್ಯಾಖ್ಯೆಯ ಮಾತು. ಕರ್ನಾಟಕದಲ್ಲಿ ಎಣಿಕೆ ನಿಂತಿರುವುದು ಕಂದಾಯ ದಾಖಲೆಯ ಮೇಲೆ. ಭೂ ಸುಧಾರಣಾ ಕಾಯ್ದೆ ಗೇಣಿಯನ್ನು ಬಹುಪಾಲು ನಿಷೇಧಿಸಿರುವುದರಿಂದ ವಾರಕ್ಕೋ (ಬೆಳೆಯ ಪಾಲಿಗೆ) ಗುತ್ತಿಗೆಗೋ ಕೊಟ್ಟದ್ದು ಬಾಯಿಮಾತಿನಲ್ಲೇ ಉಳಿಯುತ್ತದೆ. ನಿಜಕ್ಕೂ ಉಳುವವರ ಹಿಡುವಳಿ ಹೀಗೆ ಲೆಕ್ಕದಿಂದ ಜಾರುತ್ತದೆ.

1 ಹೆಕ್ಟೇರಿಗಿಂತ, ಅಂದರೆ ಸುಮಾರು 2 ಎಕರೆ 19 ಗುಂಟೆಗಿಂತ ಕಡಿಮೆ ಇದ್ದರೆ ಅತಿ ಸಣ್ಣ ಹಿಡುವಳಿ, 1ರಿಂದ 2 ಹೆಕ್ಟೇರ್ ಸಣ್ಣದು, 10 ದಾಟಿದರೆ ದೊಡ್ಡದು. ಕರ್ನಾಟಕದಲ್ಲಿ 1970–71ರಲ್ಲಿ 35.51 ಲಕ್ಷ ಹಿಡುವಳಿಗಳಿದ್ದವು, ಸರಾಸರಿ 3.20 ಹೆಕ್ಟೇರ್. 2015–16ಕ್ಕೆ ಸಂಖ್ಯೆ 86.81 ಲಕ್ಷಕ್ಕೇರಿ ಸರಾಸರಿ 1.36ಕ್ಕಿಳಿಯಿತು. ಒಟ್ಟು ವಿಸ್ತೀರ್ಣ ಹೆಚ್ಚೇನೂ ಬದಲಾಗಿಲ್ಲ.

ಜನ ಹೆಚ್ಚಿದಂತೆ ಹಿಡುವಳಿ ಒಡೆಯುತ್ತದೆ ಎನ್ನುವುದು ಅರ್ಧ ನಿಜ. ಮಂಡ್ಯ ಜಿಲ್ಲೆಯನ್ನೇ ನೋಡಿ: 2001ರಲ್ಲಿ 17,63,705 ಜನ, 2011ರಲ್ಲಿ 18,05,769. ಹತ್ತು ವರ್ಷಕ್ಕೆ ಶೇ 2.4ರಷ್ಟು ಮಾತ್ರ ಏರಿಕೆ. ಆದರೂ ಪಾಲುಪಟ್ಟಿ ನಿಲ್ಲುವುದಿಲ್ಲ. ಇವತ್ತು ಪಾಲು ಕೇಳುವವರು ಹುಟ್ಟಿದ್ದು ಮೂವತ್ತು ನಲವತ್ತು ವರ್ಷದ ಹಿಂದೆ. ಬೆಂಗಳೂರು ಸೇರಿದವರು ಊರಿನ ಜನಗಣತಿಯಿಂದ ಹೊರಗಾದರೂ ಪಹಣಿಯಿಂದ ಹೊರಗಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿಕ್ಕಿದ್ದು ಕರ್ನಾಟಕದಲ್ಲಿ 1994ರ, ದೇಶಕ್ಕೆಲ್ಲ 2005ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಿಂದ. ಅದು ಬರಬೇಕಾಗಿದ್ದ ನ್ಯಾಯ. ಚೂರಾಗುವುದಕ್ಕೆ ಅದನ್ನೇ ದೂರುವ ಕಟ್ಟೆಮಾತಿಗೆ ಅರ್ಥವಿಲ್ಲ.

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ 4 ಎಕರೆ 20 ಗುಂಟೆ ಗದ್ದೆ ಎಂದಿಟ್ಟುಕೊಳ್ಳಿ. ಒಟ್ಟು 180 ಗುಂಟೆ, 1.82 ಹೆಕ್ಟೇರ್, ಒಂದು ಸಣ್ಣ ಹಿಡುವಳಿ. ಮೂರು ಪಾಲಾದ ದಿನವೇ ಮೂರೂ ‘ಅತಿ ಸಣ್ಣ’. ಮುಂದಿನ ತಲೆಗೆ ಆರಾದರೆ ತಲಾ 30 ಗುಂಟೆ. ಒಂದು ಗುಂಟೆ 33 ಅಡಿ ಚದರ, 1,089 ಚದರಡಿ. ಗದ್ದೆ 300 ಅಡಿ ಅಗಲ, ಸುಮಾರು 653 ಅಡಿ ಉದ್ದವಿದ್ದರೆ ಯಾರೂ ಅಡ್ಡಡ್ಡ ಕೊಯ್ಯಲು ಒಪ್ಪುವುದಿಲ್ಲ. ಹಾಗೆ ಕೊಯ್ದರೆ ಕೆಳಗಿನವರಿಗೆ ನೀರು ಮೇಲಿನವರ ಗದ್ದೆ ಹಾಯ್ದೇ ಬರಬೇಕು. ಮೇಲಿನವರು ಕಟಾವಿಗೆ ಗದ್ದೆ ಒಣಗಿಸುವಾಗ ಕೆಳಗಿನವರ ಪೈರಿಗೆ ನೀರು ತಪ್ಪುತ್ತದೆ. ಹಾಗಾಗಿ ತೂಬೂ ದಾರಿಯೂ ಎಲ್ಲರಿಗೂ ಸಿಗುವಂತೆ 50 ಅಡಿ ಅಗಲದ ಆರು ಉದ್ದುದ್ದ ಪಟ್ಟಿ. ಐದು ಹೊಸ ಬದು ಬಂತು. ಎರಡೂವರೆ ಅಡಿ ಅಗಲದ ಒಂದು ಬದು ಒಂದೂವರೆ ಗುಂಟೆ ತಿನ್ನುತ್ತದೆ. ಐದಕ್ಕೆ ಏಳೂವರೆ ಗುಂಟೆ. ಪಹಣಿಯಲ್ಲಿ ಇದು ಕಳೆಯುವುದಿಲ್ಲ, ಅಲ್ಲಿ ತಲಾ 30 ಗುಂಟೆಯೇ.

ದಾಖಲೆಯಲ್ಲಿ ಇದನ್ನು ಬೇರ್ಪಡಿಸಲು ಮೊದಲು ಪೌತಿ ಖಾತೆ, ಆಮೇಲೆ ಪಾಲುಗಳನ್ನು ಅಳೆದು ತೋರಿಸುವ 11ಇ ನಕ್ಷೆ, ವಿಭಾಗಪತ್ರದ ನೋಂದಣಿ, ಮ್ಯುಟೇಶನ್ (ಹಕ್ಕು ಬದಲಾದದ್ದನ್ನು ದಾಖಲಿಸುವುದು), ಪೋಡಿ (ಸರ್ವೆ ನಂಬರನ್ನು ಪಾಲುವಾರು ಒಡೆಯುವುದು). ಪೋಡಿಯಾದ ಮೇಲೆ ಒಂದೊಂದು ಪಾಲಿಗೂ ತನ್ನದೇ ಹಿಸ್ಸಾ ನಂಬರು. ಬಹುತೇಕರು ಸೋಲುವುದು ಮೊದಲ ಮೆಟ್ಟಿಲಲ್ಲೇ, ವಂಶವೃಕ್ಷದಲ್ಲಿ ಯಾರನ್ನೋ ಬಿಟ್ಟು.

ಇಷ್ಟು ಸಣ್ಣದಾದ ಮೇಲೆ ರಸ್ತೆಗೆ ಹತ್ತಿರದವರು ಸೈಟು ಮಾಡಿ ಮಾರುವುದು ಅಚ್ಚರಿಯಲ್ಲ. ಭೂಪರಿವರ್ತನೆಯ ಆದೇಶ ಪಡೆದರೆ ಆ ಚೂರು ಕೃಷಿ ಲೆಕ್ಕದಿಂದ ಹೊರಹೋಗುತ್ತದೆ. ಪಡೆಯದೆ ರೆವಿನ್ಯೂ ಸೈಟು ಮಾರಿದರೆ ಮನೆ ಎದ್ದ ಮೇಲೂ ಕಾಗದದಲ್ಲಿ ಅದು ಗದ್ದೆಯೇ. ಇದರ ಪೆಟ್ಟು ಬೀಳುವುದು ಪಕ್ಕದವರಿಗೆ. ಕೆಳತುದಿಯ ಬಸಿಗಾಲುವೆ ಆರೂ ಪಟ್ಟಿಗಳನ್ನು ಅಡ್ಡ ಹಾಯುತ್ತದೆ. ನಡುವಿನ ಒಂದು ಪಟ್ಟಿಗೆ ಮೂರಡಿ ಮಣ್ಣು ತುಂಬಿಸಿ ಕಾಲುವೆಯನ್ನು ಮುಚ್ಚಿದರೆ ನೀರು ಹಿಂದಿನ ಪಟ್ಟಿಗಳಲ್ಲೇ ನಿಂತು ಜೌಗಾಗುತ್ತದೆ, ಕೊಯ್ಲಿನ ಯಂತ್ರ ಹೂತುಹೋಗುತ್ತದೆ. ಪೈಪು ಹಾಕಿಸದೆ ಮಣ್ಣು ತುಂಬಿಸಲು ಬಿಡಬಾರದು. ಆಮೇಲೆ ಅಗೆಸುವುದು ಕಷ್ಟ.